ರಸ್ತೆ ಕೆಡಿಸದ ಕುದುರೆ

ಕುದುರೆಯ ಲದ್ದಿಯಿಂದ ಒಬ್ಬ ಮನುಷ್ಯನ ನಿದ್ದೆ, ಊಟ, ಬಡ್ತಿ ಮೂರೂ ಕೆಡಬಹುದು ಎಂದರೆ ಪೊಲೀಸ್ ಅಶ್ವದಳದ ಹೊರಗಿನವರು ನಗುತ್ತಾರೆ. ಒಳಗಿನವರು ನಗುವುದಿಲ್ಲ. ಗುಮಾನಿಯ ಎದುರಂತೂ ಆ ಮಾತೆತ್ತುವ ಹಾಗೇ ಇಲ್ಲ. ಎತ್ತಿದರೆ ಅವನ ಮೀಸೆಯ ಎರಡು ತುದಿಗಳೂ ನಡುಗುತ್ತವೆ.

ಗುಮಾನಿ ಎಂದು ಅವನಿಗೆ ಹೆಸರಿಟ್ಟವರು ಜೊತೆಯ ಪೇದೆಗಳು. ಯಾರಾದರೂ ನಕ್ಕರೆ ತನ್ನನ್ನು ನೋಡಿಯೇ ನಕ್ಕರೆಂದು, ನಗದಿದ್ದರೆ ತನ್ನಿಂದ ಏನನ್ನೋ ಮುಚ್ಚಿಟ್ಟರೆಂದು ತಿಳಿಯುವ ಸ್ವಭಾವ ಅವನದು. ತನ್ನ ತನಿಖೆಯ ಬುದ್ಧಿಯನ್ನು ಮೆಚ್ಚಿ ಇಟ್ಟ ಹೆಸರು ಅದು ಎಂದು ಅವನು ನಂಬಿದ್ದ. ಪಾಪ, ನಂಬಿಕೊಳ್ಳಲಿ ಎಂದು ಉಳಿದವರೂ ಸುಮ್ಮನಿದ್ದರು.

ದಳದ ಕಾನೂನು ಸರಳ. ಗಸ್ತಿನಲ್ಲಿ ಕುದುರೆ ರಸ್ತೆ ಕೆಡಿಸಿದರೆ ಅದರ ಸವಾರನೇ ಇಳಿದು, ಜೀನಿಗೆ ಕಟ್ಟಿದ ಚೀಲದಿಂದ ಪುಟ್ಟ ಸಲಿಕೆ ತೆಗೆದು, ಜನರ ಎದುರಿನಲ್ಲೇ ಎತ್ತಬೇಕು. ಗುಮಾನಿಯ ಕಂದು ಬಣ್ಣದ ಹೆಣ್ಣು ಕುದುರೆ ಕಂದಿಗೆ ಈ ಕಾನೂನು ತನ್ನ ಮನರಂಜನೆಗೆಂದೇ ಮಾಡಿದ್ದು ಎಂಬ ಭಾವನೆ. ಖಾಲಿ ರಸ್ತೆಯಲ್ಲಿ ಅದು ಸಭ್ಯವಾಗಿ ನಡೆಯುತ್ತಿತ್ತು. ಬ್ಯಾಂಕಿನ ಬಾಗಿಲು, ಶಾಲೆಯ ಗೇಟು, ಹೊಸದಾಗಿ ತೊಳೆದ ಮೆಟ್ಟಿಲು ಕಂಡರೆ ಮಾತ್ರ ಬಾಲ ಎತ್ತುತ್ತಿತ್ತು. ಎರಡು ವರ್ಷದ ಹಿಂದೆ ಒಮ್ಮೆ ನ್ಯಾಯಾಧೀಶರ ಕಾರು ನಿಲ್ಲುವ ಜಾಗದಲ್ಲೇ ಎತ್ತಿತು. ಅಂದೇ ಇನ್ಸ್‌ಪೆಕ್ಟರು ಗುಮಾನಿಯ ಬೀಟನ್ನು ಸೇತುವೆಯ ಆಚೆ, ಗೋದಾಮುಗಳ ಬೀದಿಗೆ ಹಾಕಿದರು. ಅಲ್ಲಿ ಕೆಡಿಸಲು ಹೆಚ್ಚೇನೂ ಉಳಿದಿರಲಿಲ್ಲ.

ಇಷ್ಟಾದರೂ ಗುಮಾನಿ ತಡೆದುಕೊಳ್ಳುತ್ತಿದ್ದನೋ ಏನೋ. ಅವನಿಗೆ ತಡೆಯಲಾಗದೆ ಇದ್ದದ್ದು ಫೋಟೋ ಎಂಬ ಪೇದೆಯ ಸುಖ. ಫೋಟೋ ಸವಾರಿ ಮಾಡುವ ಬಿಳಿ ಗಂಡು ಕುದುರೆಯ ಹೆಸರು ದೊರೆ. ಆ ಕುದುರೆಯ ಜೊತೆ ಊರಿನವರೂ ಪರಊರಿನವರೂ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಎಲ್ಲದರಲ್ಲೂ ಮೇಲೆ ಕೂತು ಹಲ್ಲು ಬಿಡುತ್ತಿದ್ದವನು ಅವನೇ. ಹೀಗೆ ಆ ಹೆಸರು ಬಂತು. ಅದಿರಲಿ, ಮೂರು ವರ್ಷದಲ್ಲಿ ದೊರೆ ಒಂದೇ ಒಂದು ಸಲವೂ ರಸ್ತೆ ಕೆಡಿಸಿರಲಿಲ್ಲ. ಫೋಟೋನ ಸಲಿಕೆಗೆ ಅಂಗಡಿಯ ಹೊಳಪು ಇನ್ನೂ ಹಾಗೇ ಇತ್ತು. ಗುಮಾನಿ ಆ ಸಲಿಕೆಯನ್ನು ನೋಡಿದಾಗಲೆಲ್ಲ ಅವನ ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಾಗುತ್ತಿತ್ತು.

ಈಗ ದಳದ ಮುಂದಾಳಿನ ಜಾಗ ಖಾಲಿಯಾಗಿತ್ತು. ತೋಳಿಗೆ ಇನ್ನೊಂದು ಪಟ್ಟಿ, ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ ನಡೆಯುವ ಹಕ್ಕು. ಇವತ್ತು ಮಧ್ಯಾಹ್ನ ಚೌಕದಲ್ಲಿ ‘ಸ್ವಚ್ಛ ರಸ್ತೆ’ ಕಾರ್ಯಕ್ರಮ ಉದ್ಘಾಟಿಸುವ ದೊಡ್ಡ ಸಾಹೇಬರು ಅಲ್ಲೇ ಮುಂದಾಳಿನ ಹೆಸರನ್ನೂ ಹೇಳುವವರಿದ್ದರು.

“ಇವತ್ತು ಗೊತ್ತಾಗುತ್ತೆ ಅಲ್ವಾ, ಯಾರಿಗೆ ಅಂತ?” ಬೆಳಿಗ್ಗೆ ತಟ್ಟೆ ಮುಂದಿಡುತ್ತ ಹೆಂಡತಿ ಕೇಳಿದಳು.

“ಗೊತ್ತಾಗೋದೇನಿದೆ? ಆ ಫೋಟೋಗೆ.”

“ಹೋಗ್ಲಿ ಬಿಡಿ. ಒಳ್ಳೆ ಮನುಷ್ಯ.”

ಗುಮಾನಿಯ ಕೈ ಬಾಯಿಯ ಹತ್ತಿರವೇ ನಿಂತಿತು. “ಒಳ್ಳೆಯವನು ಅಂತ ನಿಂಗೆ ಹೇಗ್ಗೊತ್ತು?”

“ನೀವು ದಿನಾ ಬಯ್ತೀರಲ್ಲ, ಅದಕ್ಕೇ ಹಾಗನ್ಕೊಂಡೆ,” ಎಂದು ಅವಳು ಒಳಗೆ ಹೋದಳು.

ಲಾಯಕ್ಕೆ ಬಂದರೆ ಅಲ್ಲೊಂದು ಆಶ್ಚರ್ಯ ಕಾದಿತ್ತು. ಕಂದಿಯ ಹಿಂಗಾಲಿನ ಲಾಳ ಸಡಿಲವಾಗಿ, ಲಾಳ ಹೊಡೆಯುವವನು ಸಂಜೆಯವರೆಗೆ ಅದನ್ನು ಹೊರಗೆ ಬಿಡುವುದಿಲ್ಲ ಎಂದು ಕೂತಿದ್ದ. ಅತ್ತ ಫೋಟೋಗೆ ನಿನ್ನೆ ದವಡೆ ಹಲ್ಲು ಕಿತ್ತು, ಕೆನ್ನೆ ಬನ್ನಿನ ಹಾಗೆ ಊದಿ, ಎರಡು ದಿನ ರಜೆ. ಸವಾರನಿಲ್ಲದ ಕುದುರೆ ಒಂದು ಕಡೆ, ಕುದುರೆಯಿಲ್ಲದ ಸವಾರ ಇನ್ನೊಂದು ಕಡೆ. ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡರು.

“ದೊಡ್ಡ ಸಾಹೇಬರು ದೊರೇನೇ ನೋಡ್ಬೇಕು ಅಂದಿದಾರೆ. ಏನ್ಮಾಡೋದು, ನೀನೇ ಹತ್ತಯ್ಯಾ. ಫೋಟೋನ ಬೀಟು ಮುಗಿಸಿ ನೇರ ಚೌಕಕ್ಕೆ ಬಾ. ನೋಡು, ಅದು ಬರೀ ಕುದುರೆ ಅಲ್ಲ, ದಳದ ಮರ್ಯಾದೆ.”

ಗುಮಾನಿಯ ಎದೆ ಅರಳಿತು. ದೊಡ್ಡ ಸಾಹೇಬರು ಕುದುರೆಯನ್ನು ನೋಡುವಾಗ ಮೇಲೆ ಕೂತವನನ್ನೂ ನೋಡಲೇಬೇಕು. ಸ್ವಚ್ಛತೆಗೆ ಕಾರಣ ಕುದುರೆ, ಫೋಟೋ ಬರೀ ಮೂಟೆ ಎಂದು ಅವರಿಗೆ ಗೊತ್ತಾದರೆ ಪಟ್ಟಿ ಯಾರ ತೋಳಿಗೆ ಬರಬೇಕೆಂದು ಯಾರು ಹೇಳಬಲ್ಲರು?

ಜೀನು ಬಿಗಿಯುತ್ತಿದ್ದ ಲಾಯದ ಮುದುಕ ಒಂದೇ ಮಾತು ಹೇಳಿದ. “ಲಗಾಮು ಜಗ್ಗಬೇಡ. ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತು.”

“ಪೊಲೀಸಿನವನು ನಾನೋ ಅದೋ?” ಎಂದು ಗುಮಾನಿ ರಿಕಾಪಿಗೆ ಕಾಲು ಕೊಟ್ಟ.

ಫೋಟೋನ ಬೀಟು ಊರಿನ ನಡುಮಧ್ಯ. ಗೋದಾಮಿನ ಬೀದಿಯಲ್ಲಿ ಗುಮಾನಿಗೆ ನಾಯಿ ಕೂಡ ಬೊಗಳುತ್ತಿರಲಿಲ್ಲ. ಇಲ್ಲಿ ಬೇಕರಿಯವನು ಕೌಂಟರು ಬಿಟ್ಟು ಹೊರಗೆ ಬಂದ. ಔಷಧಿ ಅಂಗಡಿಯವಳು ಕೈ ಬೀಸಿದಳು. ಟ್ರಾಫಿಕ್ ಪೇದೆ ಎರಡು ಬಸ್ಸು ನಿಲ್ಲಿಸಿ ದಾರಿ ಬಿಟ್ಟ. ಗುಮಾನಿ ಬೆನ್ನು ನೆಟ್ಟಗೆ ಮಾಡಿಕೊಂಡು ಮುಗುಳ್ನಗೆ ತಂದುಕೊಂಡ. ಆಮೇಲೆ ಕೇಳಿದರೆ ಎಲ್ಲರದೂ ಒಂದೇ ಪ್ರಶ್ನೆ.

“ಫೋಟೋ ಎಲ್ಲಿ ಸಾರ್? ಹುಷಾರಿಲ್ವಾ? ಅಯ್ಯೋ ಪಾಪ!”

ಒಬ್ಬಳು ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, “ನೀನು ಬದಲಿಗೆ ಬಂದವನೋ?” ಎಂದು ಕುದುರೆಯ ಹಣೆ ಸವರಿ ಹೋದಳು. ಒಂದು ಕುದುರೆಗೋಸ್ಕರ ಇಷ್ಟು ಪ್ರೀತಿ ಉಣ್ಣುವವನು ಕೆಲಸಕ್ಕೆ ಸಂಬಳ ಬೇರೆ ತಗೊಳ್ಳುತ್ತಾನಲ್ಲ ಎಂದು ಗುಮಾನಿ ಗೊಣಗಿಕೊಂಡ.

ಅಂಚೆ ಕಚೇರಿ ದಾಟಿದ ಮೇಲೆ ದೊರೆ ಯಾರನ್ನೂ ಕೇಳದೆ ಬಲಕ್ಕೆ ತಿರುಗಿತು. ಗುಮಾನಿ ಎಡಕ್ಕೆಳೆದ. ಅದು ಕಿವಿ ಸಹ ಅಲ್ಲಾಡಿಸಲಿಲ್ಲ. ಒಂದು ಓಣಿ ದಾಟಿ, ಇನ್ನೊಂದು ಓಣಿಯ ತಿರುವಿನಲ್ಲಿ ಹೆಜ್ಜೆ ಚುರುಕು ಮಾಡಿತು. ಕೆಲಸ ಮುಗಿಸಿ ಮನೆಗೆ ಹೊರಟವನ ಆತುರ ಅದರ ನಡಿಗೆಯಲ್ಲಿತ್ತು. ಈ ಗೋಡೆಗಳನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಗುಮಾನಿ ಅಂದುಕೊಳ್ಳುವಷ್ಟರಲ್ಲಿ ದೊರೆ ಒಂದು ಮರದ ಹಿಂಬಾಗಿಲ ಮುಂದೆ ನಿಂತು, ಮೂತಿಯಿಂದ ಎರಡು ಸಲ ತಟ್ಟಿತು.

ಗುಮಾನಿ ತಲೆಯೆತ್ತಿ ನೋಡಿದ. ಪೊಲೀಸ್ ಕ್ವಾರ್ಟರ್ಸಿನ ಕೊನೆಯ ಮನೆ. ಹಗ್ಗದ ಮೇಲೆ ಒಣಗುತ್ತಿದ್ದ ಖಾಕಿ ಅಂಗಿ ಅವನದೇ.

ಒಳಗಿನಿಂದ ಹೆಂಡತಿಯ ಧ್ವನಿ ಬಂತು. “ಬಂದ್ರಾ? ಒಂದ್ನಿಮಿಷ ತಡೀರಿ, ಕೈ ಒದ್ದೆ. ಅವರು ಆಗ್ಲೇ ಹೋದ್ರು, ಹೆದರ್ಕೋಬೇಡಿ.”

ಅದರ ಹಿಂದೆಯೇ ಒಂದು ಸಣ್ಣ ಶಿಳ್ಳೆ. ಮದುವೆಯಾಗಿ ಇಷ್ಟು ವರ್ಷವಾದರೂ ತನ್ನ ಹೆಂಡತಿಗೆ ಶಿಳ್ಳೆ ಹೊಡೆಯಲು ಬರುತ್ತದೆ ಎಂಬುದೇ ಗುಮಾನಿಗೆ ತಿಳಿದಿರಲಿಲ್ಲ. ದೊರೆ ಆ ಶಿಳ್ಳೆ ಕೇಳಿ ಮೈ ಸಡಿಲ ಬಿಟ್ಟು ನಿಟ್ಟುಸಿರಿಟ್ಟಿತು. ಗುಮಾನಿಯ ಕಿವಿ ಕೆಂಪಾಯಿತು, ಆಮೇಲೆ ಮುಖ, ಆಮೇಲೆ ಕತ್ತು.

ಬೇರೆ ಯಾರಾದರೂ ಆಗಿದ್ದರೆ ಇಳಿದು ಬಾಗಿಲು ಒದೆಯುತ್ತಿದ್ದರು. ಗುಮಾನಿ ಪೊಲೀಸಿನವನು. ಬಾಗಿಲು ತೆರೆದು ಅವಳು ಫೋಟೋನ ಬದಲು ತನ್ನನ್ನು ಕಂಡರೆ ಸಾಕ್ಷ್ಯ ನಾಶವಾಗುತ್ತದೆ ಎಂದು ಅವನಿಗೆ ಹೊಳೆಯಿತು. ಚಿಲಕ ಸರಿಯುವ ಸದ್ದಿಗೆ ಮುಂಚೆಯೇ ಅವನು ಕುದುರೆಯನ್ನು ತಿರುಗಿಸಲು ನೋಡಿದ. ದೊರೆ ನಾಲ್ಕೂ ಕಾಲು ನೆಲಕ್ಕೂರಿ ಒಲ್ಲೆ ಎಂದಿತು. ಗುಮಾನಿ ಜಗ್ಗಿದ, ಬೇಡಿಕೊಂಡ, ಕೊನೆಗೆ ಹಿಮ್ಮಡಿಯಿಂದ ತಿವಿದ. ಅದು ಬಾಗಿಲನ್ನೇ ತಿರುಗಿ ತಿರುಗಿ ನೋಡುತ್ತ, ಹಿಂಗಾಲು ಎಳೆದುಕೊಂಡು ಹೊರಟಿತು.

ಪಕ್ಕದ ಮನೆಯ ಗೋಡೆಯ ಮೇಲೆ ಒಂದು ತಲೆ ಎದ್ದಿತು. ವೈರ್‌ಲೆಸ್ ಅಕ್ಕ. ಅವಳ ಗಂಡ ಕಂಟ್ರೋಲ್ ರೂಮಿನಲ್ಲಿ ವೈರ್‌ಲೆಸ್ ಕೆಲಸಕ್ಕಿದ್ದ, ಆದರೆ ಆ ಹೆಸರು ಬಂದದ್ದು ಅದಕ್ಕಲ್ಲ.

“ಏನಣ್ಣಾ, ಇವತ್ತು ನೀವು ಬಂದಿದೀರಿ?” ಎಂದಳು, ‘ನೀವು’ ಎಂಬಲ್ಲಿ ಸ್ವಲ್ಪ ಒತ್ತಿ.

ಗುಮಾನಿ ತನಿಖೆಯ ಧ್ವನಿ ತಂದುಕೊಂಡ. “ದಿನಾ ಯಾರು ಬರ್ತಾರೆ?”

“ನಂಗ್ಯಾಕಪ್ಪಾ ಇನ್ನೊಬ್ಬರ ಮನೆ ವಿಷ್ಯ! ನಾನು ಯಾರ ತಂಟೆಗೂ ಹೋಗೋಳಲ್ಲ.” ಅವಳು ಒಣಹಾಕುತ್ತಿದ್ದ ಬಟ್ಟೆಗೆ ಒಂದು ಕ್ಲಿಪ್ಪು ಹಾಕುವಷ್ಟು ಹೊತ್ತು ತಡೆದುಕೊಂಡಳು. ಅದಕ್ಕಿಂತ ಹೆಚ್ಚು ತಡೆಯಲು ಆಗಲಿಲ್ಲ. “ಆ ನಗುಮುಖದವರು. ಬಿಳಿ ಕುದುರೆ. ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ಸಾಯಂಕಾಲ ಒಂದ್ಸಲ. ಒಳಗೆ ಹೋದ ತಕ್ಷಣ ಬಾಗಿಲು ಹಾಕ್ಕೊಳ್ತಾರೆ. ನಂಗೆ ನಿಮ್ಮ ಹಿತ್ತಿಲ ಗೋಡೆ ಎತ್ತರ ನೋಡಿ, ಏನೂ ಕಾಣ್ಸಲ್ಲ.”

“ಮೂರು ಸಲಾನಾ?”

“ಮಳೆ ಬಂದ್ರೂ ತಪ್ಪಿಸಲ್ಲ ಅಣ್ಣಾ. ಹೋಗುವಾಗ ಕೈಯಲ್ಲಿ ಟೊಮ್ಯಾಟೋನೋ ಗುಲಾಬಿನೋ ಇರುತ್ತೆ. ನಿಮ್ಮನೆಯವರು ಕೊಟ್ಟಿದ್ದೋ ಏನೋ, ನಂಗೇನು ಗೊತ್ತು.”

ತನಗೆ ಹೆಂಡತಿ ಕೊನೆಯ ಸಲ ಗುಲಾಬಿ ಕೊಟ್ಟದ್ದು ಯಾವಾಗ ಎಂದು ಗುಮಾನಿ ನೆನಪು ಮಾಡಿಕೊಂಡ. ಕೊಟ್ಟೇ ಇರಲಿಲ್ಲ. ತೋಳಿನ ಪಟ್ಟಿಯ ಆಸೆ ಅವನ ಮನಸ್ಸಿನಿಂದ ಎಗರಿ ಹೋಗಿ, ಆ ಜಾಗದಲ್ಲಿ ಗುಲಾಬಿ ಹಿಡಿದ ಫೋಟೋ ಬಂದು ಕೂತ.

ಓಣಿಯ ತುದಿಯಲ್ಲಿ ನಿಲ್ಲಿಸಿ ಮನೆಗೆ ಫೋನು ಮಾಡಿದ. “ಏನ್ಮಾಡ್ತಿದೀಯಾ?”

“ಏನಿಲ್ಲ. ಬಟ್ಟೆ ಒಗೀತಿದ್ದೆ.”

“ಯಾರಾದ್ರೂ ಬಂದಿದ್ರಾ?”

“ಈ ಮನೆಗೆ ಯಾರ್ರೀ ಬರ್ತಾರೆ?”

ಸುಳ್ಳು! ಗುಮಾನಿ ಫೋನನ್ನು ಜೇಬಿಗೆ ತುರುಕುವಷ್ಟರಲ್ಲಿ ಅದೇ ಬಡಿದುಕೊಂಡಿತು. ಫೋಟೋ. ಬಾಯಲ್ಲಿ ಹತ್ತಿ ಇಟ್ಟುಕೊಂಡು ಕಷ್ಟಪಟ್ಟು ಮಾತಾಡುತ್ತಿದ್ದ.

“ಅಣ್ಣಾ, ದೊರೇನ ನೀವು ತಗೊಂಡ್ರಿ ಅಂತ ಈಗ ಗೊತ್ತಾಯ್ತು. ಒಂದು ಮುಖ್ಯ ವಿಷ್ಯ ಹೇಳ್ಬೇಕಿತ್ತು. ಹೇಗೆ ಹೇಳೋದೋ... ನೀವು ಬೇಜಾರು ಮಾಡ್ಕೋಬಾರ್ದು... ಚೌಕಕ್ಕೆ ಹೋಗೋ ಮುಂಚೆ ನಿಮ್ಮನೆ ಹಿಂದೆ...”

“ನನ್ನ ಮನೆ ಹೆಸರು ಎತ್ತಿದ್ರೆ ನಿನ್ನ ಇನ್ನೊಂದು ಕಡೆ ಹಲ್ಲು ನಾನೇ ಕೀಳ್ತೀನಿ!” ಎಂದು ಗುಮಾನಿ ಫೋನನ್ನೇ ಆರಿಸಿದ.

ಚೌಕದವರೆಗಿನ ದಾರಿಯಲ್ಲಿ ದೊರೆ ಸುಮ್ಮನೆ ನಡೆಯಲಿಲ್ಲ. ಒಮ್ಮೆ ಅಡ್ಡಡ್ಡ, ಒಮ್ಮೆ ಹಿಂದಕ್ಕೆ, ಪ್ರತಿ ಬಲತಿರುವಿನಲ್ಲೂ ಆ ಓಣಿಯ ಕಡೆಗೇ ಸೆಳೆತ. ಕಣ್ಣಲ್ಲಿ ಏನೋ ಸಂಕಟ. “ನಿಂಗೂ ಅಲ್ಲೇ ಹೋಗ್ಬೇಕಾ ದ್ರೋಹಿ?” ಎಂದು ಗುಮಾನಿ ಹಲ್ಲು ಕಡಿದು ಲಗಾಮು ಬಿಗಿಹಿಡಿದ. ಹೊಟ್ಟೆಕಿಚ್ಚಿನಲ್ಲಿದ್ದವನಿಗೆ ಇನ್ನೊಬ್ಬರ ಹೊಟ್ಟೆಯ ಕಷ್ಟ ಎಲ್ಲಿ ಅರ್ಥವಾಗಬೇಕು!

ಚೌಕವನ್ನು ಬೆಳಗಿನಿಂದ ಮೂರು ಸಲ ಗುಡಿಸಿ, ತೊಳೆದು, ಮಧ್ಯದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಆ ಗೆರೆಯೊಳಗೆ ದೊಡ್ಡ ಸಾಹೇಬರು ಬಣ್ಣದ ಪೊರಕೆಯಿಂದ ಗುಡಿಸಿ ಉದ್ಘಾಟನೆ ಮಾಡಬೇಕು. ಗುಡಿಸಲು ಅಲ್ಲಿ ಒಂದು ಧೂಳಿನ ಕಣವೂ ಇರಲಿಲ್ಲ. ಕ್ಯಾಮೆರಾದವರು ಸಾಲಾಗಿ ನಿಂತಿದ್ದರು. ಇನ್ಸ್‌ಪೆಕ್ಟರು ದೊರೆಯನ್ನು ಗೆರೆಯ ಪಕ್ಕದಲ್ಲೇ, ಬೆನ್ನು ಒಳಗೆ ಮುಖ ಹೊರಗೆ ಮಾಡಿ ನಿಲ್ಲಿಸಿದರು. ಫೋಟೋದಲ್ಲಿ ಪೊರಕೆ, ಸಾಹೇಬರು, ಕುದುರೆ ಮೂರೂ ಬರಬೇಕಲ್ಲ.

ದೊಡ್ಡ ಸಾಹೇಬರು ಮೈಕಿನಲ್ಲಿ ಹೇಳಿದರು. “ಮಹಾಜನರೇ, ಸ್ವಚ್ಛತೆ ನಾವು ಕಲಿಯಬೇಕಾದ್ದು ಮನುಷ್ಯರಿಂದಲ್ಲ. ಈ ಮೂಕ ಪ್ರಾಣಿಯನ್ನು ನೋಡಿ. ಮೂರು ವರ್ಷದಿಂದ ಈ ಊರಿನ ರಸ್ತೆಗಳಲ್ಲಿ ನಡೆಯುತ್ತಿದೆ. ಒಂದು ದಿನ, ಒಂದೇ ಒಂದು ದಿನ...”

ಎಂದವರೇ ಪ್ರೀತಿಯಿಂದ ದೊರೆಯ ಬೆನ್ನು ಚಪ್ಪರಿಸಿದರು.

ದೊರೆ ಬಾಲ ಎತ್ತಿತು. ಮೇಲೆ ಕೂತಿದ್ದ ಗುಮಾನಿಗೆ ಏನೂ ಕಾಣಲಿಲ್ಲ. ಎದುರಿನ ಸಾಲಿನಲ್ಲಿದ್ದವರ ಹುಬ್ಬುಗಳು ಒಟ್ಟಿಗೆ ಮೇಲೇರಿದ್ದು ಮಾತ್ರ ಕಂಡಿತು. ಆಮೇಲೆ ಸದ್ದು ಕೇಳಿಸಿತು. ಆ ಸದ್ದು ಬೇಗ ನಿಲ್ಲಲೂ ಇಲ್ಲ. ಸುಣ್ಣದ ಗೆರೆಯೊಳಗೆ, ಸಾಹೇಬರ ಹೊಳೆಯುವ ಬೂಟುಗಳ ನಡುವೆ, ಒಂದು ಬುಟ್ಟಿ ತುಂಬುವಷ್ಟು ಬಿಸಿ ಲದ್ದಿ ಬಿದ್ದಿತು. ಸಾಹೇಬರು ಕೈಯಲ್ಲಿದ್ದ ಪೊರಕೆಯನ್ನು ನೋಡಿದರು. ಕ್ಯಾಮೆರಾಗಳು ಪಟಪಟ ಎಂದವು. ಅಷ್ಟೂ ಜನರ ಮುಂದೆ ಬೇರೆ ದಾರಿ ಕಾಣದೆ ಅವರು ಗುಡಿಸಿದರು. ಒಂದು ಉದ್ಘಾಟನೆ ಇಷ್ಟು ಪ್ರಾಮಾಣಿಕವಾಗಿ ನಡೆದದ್ದು ಆ ಊರಿನಲ್ಲಿ ಅದೇ ಮೊದಲು.

ಹೋಗುವಾಗ ಅವರು ಇನ್ಸ್‌ಪೆಕ್ಟರ ಹತ್ತಿರ ಮೆಲ್ಲಗೆ ಹೇಳಿದರು. “ಮುಂದಾಳಿನ ವಿಷ್ಯ ನೀವೇ ನೋಡ್ಕೊಳ್ಳಿ. ಸಾಯಂಕಾಲದೊಳಗೆ ಇದಕ್ಕೊಂದು ಪರಿಹಾರ ಮಾಡಿ. ಇಲ್ಲಾಂದ್ರೆ ನಿಮ್ಮ ದಳದ ಕುದುರೆ ಎಲ್ಲಾನೂ ಮಾರಿ ಸೈಕಲ್ ಕೊಡಿಸ್ತೀನಿ.”

ಇನ್ಸ್‌ಪೆಕ್ಟರು ಗುಮಾನಿಯನ್ನು ಬೇಕರಿಯ ಹಿಂದಕ್ಕೆ ಕರೆದುಕೊಂಡು ಹೋದರು.

“ಮೂರು ವರ್ಷದಿಂದ ಆಗದ್ದನ್ನ ಮೂರು ಗಂಟೆಯಲ್ಲಿ ಮಾಡಿದ್ಯಲ್ಲಯ್ಯಾ! ಆ ಕುದುರೆಗೆ ಏನ್ಮಾಡ್ದೆ?”

“ನಾನೇನ್ಮಾಡ್ದೆ ಸಾರ್?” ಗುಮಾನಿಯ ಕಟ್ಟೆ ಒಡೆಯಿತು. “ಆ ಫೋಟೋ ಏನ್ಮಾಡ್ತಾನೆ ಕೇಳಿ! ಡ್ಯೂಟಿ ಹೊತ್ನಲ್ಲಿ ದಿನಕ್ಕೆ ಮೂರು ಸಲ ಆ ಕುದುರೆ ಎಲ್ಲಿಗೆ ಹೋಗುತ್ತೆ ಗೊತ್ತಾ? ನನ್ನ ಮನೆ ಹಿತ್ತಿಲಿಗೆ! ನಾನು ಸೇತುವೆ ಆಚೆ ಇರ್ತೀನಿ, ಈ ಕಡೆ ಬಾಗಿಲು ಹಾಕ್ಕೊಂಡು... ಶಿಳ್ಳೆ ಬೇರೆ ಸಾರ್, ಶಿಳ್ಳೆ!” ಅವನು ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. “ನಂಗೆ ಪಟ್ಟಿ ಬೇಡ ಸಾರ್. ನ್ಯಾಯ ಬೇಕು.”

ಇನ್ಸ್‌ಪೆಕ್ಟರ ಕೋಪ ಇಳಿದು ಆ ಜಾಗಕ್ಕೆ ಕುತೂಹಲ ಬಂತು. ಇಂಥ ವಿಷಯವನ್ನು ಸ್ಥಳಕ್ಕೇ ಹೋಗಿ ನೋಡುವುದು ಒಳ್ಳೆಯದು ಎಂದರು. ಫೋಟೋನ ಮನೆಗೆ ಜೀಪು ಹೋಯಿತು. ಅವನು ಊದಿದ ಕೆನ್ನೆಗೆ ಮಫ್ಲರು ಸುತ್ತಿಕೊಂಡು ಬಂದ. ವೈರ್‌ಲೆಸ್ ಅಕ್ಕನಿಗೆ ಯಾರು ಹೇಳಿದರೋ, ಜೀಪು ಓಣಿ ಸೇರುವ ಮುಂಚೆಯೇ ಕ್ವಾರ್ಟರ್ಸಿನ ಹೆಂಗಸರೆಲ್ಲ ಒಂದೊಂದು ನೆಪ ಹಿಡಿದು ಹಿಂಬಾಗಿಲ ಎದುರು ಸೇರಿದ್ದರು. ಒಬ್ಬಳಂತೂ ಕೈಗೆ ಸಿಕ್ಕ ಖಾಲಿ ಕೊಡವನ್ನೇ ಹಿಡಿದು ಬಂದಿದ್ದಳು.

ಗುಮಾನಿ ದೊರೆಯ ಲಗಾಮು ಹಿಡಿದು ನಡೆಸಿಕೊಂಡು ಬಂದ. ಬಾಗಿಲ ಹತ್ತಿರ ಬರುತ್ತಿದ್ದಂತೆ ಕುದುರೆ ಅವನ ಕೈಯಿಂದ ಕಿತ್ತುಕೊಂಡು ಹೋಗಿ ಎರಡು ಸಲ ತಟ್ಟಿತು.

“ನೋಡಿ ಸಾರ್! ತಟ್ಟೋದು ನೋಡಿ!”

ಚಿಲಕ ಸರಿಯಿತು. ಬಾಗಿಲು ತೆರೆದ ಹೆಂಡತಿ ಕುದುರೆ, ಇನ್ಸ್‌ಪೆಕ್ಟರು, ಮಫ್ಲರು, ಕೊಡ ಎಲ್ಲವನ್ನೂ ನೋಡಿ ಕೊನೆಗೆ ಗಂಡನನ್ನು ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ದೊರೆ ಅವಳನ್ನು ದಾಟಿ ಒಳಗೆ ನುಗ್ಗಿತು. ಟೊಮ್ಯಾಟೋ ಸಾಲಿನ ಪಕ್ಕದಿಂದ ಜಾಗರೂಕತೆಯಿಂದ ನಡೆದು, ಕುಂಬಳ ಬಳ್ಳಿಯ ಹಿಂದಿನ ಒಂದು ಗುಂಡಿಯ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಂತು, ಅವಳತ್ತ ನೋಡಿತು.

ಹೆಂಡತಿ ಅಭ್ಯಾಸಬಲದಿಂದ ಸಣ್ಣಗೆ ಒಂದು ಶಿಳ್ಳೆ ಹೊಡೆದಳು.

ದೊರೆ ಬಾಲ ಎತ್ತಿ, ಉಳಿದಿದ್ದನ್ನೆಲ್ಲ ಶಾಂತವಾಗಿ ಗುಂಡಿಗೆ ಅರ್ಪಿಸಿತು. ಆಮೇಲೆ ತಲೆ ಕೊಡವಿ, ಅವಳ ಕೈಯಿಂದ ಒಂದು ಕ್ಯಾರೆಟ್ ತೆಗೆದುಕೊಂಡು ನೆಮ್ಮದಿಯಾಗಿ ಅಗಿಯತೊಡಗಿತು.

ಗುಮಾನಿ ಮೊದಲ ಸಲ ಹಗಲಿನಲ್ಲಿ ತನ್ನ ಹಿತ್ತಿಲನ್ನು ಕಣ್ಣು ಬಿಟ್ಟು ನೋಡಿದ. ಮುಷ್ಟಿಗಾತ್ರದ ಟೊಮ್ಯಾಟೋ, ತಟ್ಟೆಯಗಲದ ಗುಲಾಬಿ, ಗೋಡೆ ಏರಿ ಹಬ್ಬಿದ ಕುಂಬಳ. ಇಷ್ಟೆಲ್ಲ ಯಾವಾಗ ಬೆಳೆಯಿತೋ ಅವನಿಗೆ ತಿಳಿಯದು.

“ಗೊಬ್ಬರಕ್ಕೆ ಸಾರ್,” ಎಂದಳು ಹೆಂಡತಿ, ಇನ್ಸ್‌ಪೆಕ್ಟರಿಗೆ. “ಈ ಫೋಟೋ ಅಣ್ಣ ಒಂದಿನ ಈ ಓಣಿಲಿ ಹೋಗ್ತಿದ್ರು. ಕುದುರೆ ನಮ್ಮ ಗೇಟಿನ ಹತ್ರ ಗಲೀಜು ಮಾಡ್ತು. ಸಲಿಕೆ ತೆಗೀತಿದ್ರು, ನಾನೇ ಬೇಡ ಬಿಡಿ, ನಂಗೆ ಬೇಕು ಅಂದೆ. ಮಾರನೇ ದಿನ ಕುದುರೆ ತಾನಾಗೇ ಬಂತು. ಹಾಗೇ ರೂಢಿ ಆಯ್ತು. ನಂಗೆ ಗೊಬ್ಬರ, ಅವರಿಗೆ ರಸ್ತೆ ಕ್ಲೀನು. ಟೊಮ್ಯಾಟೋ ಅವರ ಮನೆಯವರಿಗೆ ಕೊಟ್ಟು ಕಳಿಸ್ತೀನಿ, ಗುಲಾಬಿ ಅವರ ಮಗಳಿಗೆ.”

ಫೋಟೋ ಮಫ್ಲರಿನೊಳಗಿಂದ ತಲೆಯಾಡಿಸಿದ. “ಅದನ್ನೇ ಬೆಳಿಗ್ಗೆ ಫೋನಲ್ಲಿ ಹೇಳಕ್ಕೆ ಬಂದೆ ಅಣ್ಣಾ. ನೀವು ಹಲ್ಲು ಕೀಳ್ತೀನಿ ಅಂದ್ರಿ.”

ತನ್ನ ಹೊಟ್ಟೆಯನ್ನು ಮೂರು ವರ್ಷ ಸುಟ್ಟ ಆ ಹೊಳೆಯುವ ಸಲಿಕೆಯ ಗುಟ್ಟು ತನ್ನ ಅಡಿಗೆಮನೆಯ ಹಿಂದೆಯೇ ಇತ್ತೆಂದು ಗುಮಾನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹಳೆಯ ಉರಿ ಆರಿದ ಜಾಗದಲ್ಲೇ ಹೊಸದು ಹೊತ್ತಿಕೊಂಡಿತು.

“ಹಾಗಿದ್ರೆ ನನ್ನ ಕಂದಿ ಏನ್ಮಾಡಿತ್ತು? ಕಟ್ಟಿಕೊಂಡ ಗಂಡ ಊರ ತುಂಬ ಸಲಿಕೆ ಹಿಡ್ಕೊಂಡು ಬಗ್ತಿದ್ದೆ. ನಿನ್ನ ಶಿಳ್ಳೆ ಊರಿನವರ ಕುದುರೆಗಾ?”

“ನಿಮ್ಮನ್ನ ಕೇಳ್ಲಿಲ್ವಾ ನಾನು?” ಹೆಂಡತಿ ಸೊಂಟಕ್ಕೆ ಕೈ ಕೊಟ್ಟಳು. “ಆಗಿನ್ನೂ ನಿಮ್ಮ ಬೀಟು ಈ ಕಡೆಗೇ ಇತ್ತು. ಗಿಡಕ್ಕೆ ಸ್ವಲ್ಪ ಲದ್ದಿ ತಂದ್ಕೊಡಿ ಅಂತ ಎಷ್ಟು ಸಲ ಕೇಳ್ದೆ! ‘ಪೊಲೀಸಿನವನ ಹೆಂಡತಿ ಲದ್ದಿ ಮುಟ್ಟೋದಾ? ನನ್ನ ಮಾನ ಏನಾಗ್ಬೇಕು? ಇನ್ನೊಂದ್ಸಲ ಆ ಮಾತೆತ್ತಿದ್ರೆ ನೋಡು’ ಅಂದ್ರಿ. ಅದಕ್ಕೇ ನಿಮಗೆ ಗೊತ್ತಾಗದ ಹಾಗೆ ಮಾಡ್ಕೊಂಡೆ. ಯಾರು ಬಂದಿದ್ರು ಅಂತ ಕೇಳಿದ್ರಲ್ಲ, ಕುದುರೆ ಬಂದಿತ್ತು ಅಂತ ಹೇಳ್ಬೇಕಿತ್ತಾ?”

ಕೊಡ ಹಿಡಿದವಳು ಕಿಸಕ್ಕನೆ ನಕ್ಕಳು. ವೈರ್‌ಲೆಸ್ ಅಕ್ಕ ಮಾತ್ರ, ಇಷ್ಟೇನಾ ಎಂಬಂತೆ, ಮೋಸ ಹೋದವಳ ಮುಖ ಮಾಡಿಕೊಂಡಿದ್ದಳು.

ಇಷ್ಟು ಹೊತ್ತೂ ಇನ್ಸ್‌ಪೆಕ್ಟರು ಗುಂಡಿಯನ್ನೂ ಕುದುರೆಯನ್ನೂ ಬದಲಾಯಿಸಿ ನೋಡುತ್ತಿದ್ದರು. ಅವರ ಕಣ್ಣ ಮುಂದೆ ಸೈಕಲ್ಲುಗಳ ಸಾಲು ನಿಧಾನಕ್ಕೆ ಮಾಯವಾಗುತ್ತಿತ್ತು.

“ತಾಯೀ, ಇದನ್ನ ಬೇರೆ ಕುದುರೆಗೂ ಕಲಿಸಬಹುದಾ?”

“ಯಾಕಾಗಲ್ಲ ಸಾರ್? ಜಾಗಕ್ಕೆ ಆ ವಾಸನೆ ಇದ್ರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಒಂದು ಶಿಳ್ಳೆ, ಒಂದು ಕ್ಯಾರೆಟ್ಟು. ವಾರ ಹತ್ತು ದಿನದಲ್ಲಿ ರೂಢಿ ಆಗುತ್ತೆ. ಪಕ್ಕದ ಮನೆಯವರ ಗಿಡಕ್ಕೂ ಗೊಬ್ಬರ ಬೇಕಂತೆ.”

“ಮುಗೀತು!” ಇನ್ಸ್‌ಪೆಕ್ಟರು ಅಂಗೈಗೆ ಲಾಠಿ ಬಡಿದುಕೊಂಡರು. “ಇವತ್ತಿಂದಲೇ ಆರ್ಡರು. ದಳದ ಅಷ್ಟೂ ಕುದುರೆ ದಿನಕ್ಕೆ ಮೂರು ಸಲ ಈ ಬಾಗಿಲಿಗೆ ಬರ್ಬೇಕು. ಎಲ್ಲರ ಮುಂದೆ ದೊರೆ ಬರ್ಲಿ, ಉಳಿದವು ಅದನ್ನ ನೋಡಿ ಕಲೀತವೆ. ಅಂದ್ಮೇಲೆ ಮುಂದಾಳು ಯಾರು ಅಂತ ಬೇರೆ ಹೇಳ್ಬೇಕಾಗಿಲ್ಲ.” ಅವರು ಫೋಟೋನ ಬೆನ್ನು ತಟ್ಟಿದರು. ಫೋಟೋ ನಗಲು ಹೋಗಿ ಕೆನ್ನೆ ಹಿಡಿದುಕೊಂಡ.

ಗುಮಾನಿ ಒಂದು ಹೆಜ್ಜೆ ಮುಂದೆ ಬಂದ. ಅವನ ಧ್ವನಿ ಅವನಿಗೇ ಕೇಳಿಸದಷ್ಟು ಸಣ್ಣದಾಗಿತ್ತು. “ಸಾರ್, ನಾನೂ... ನನ್ನ ಕಂದೀನೂ ಕರ್ಕೊಂಡು ಬರ್ತೀನಿ. ನನ್ನ ಮನೇನೇ ಅಲ್ವಾ ಸಾರ್.”

“ನಿನ್ನ ಬೀಟು ಸೇತುವೆ ಆಚೆ. ದಿನಕ್ಕೆ ಮೂರು ಸಲ ಅಲ್ಲಿಂದ ಇಲ್ಲಿಗೆ ಬಂದು ಹೋದ್ರೆ ಗೋದಾಮು ಯಾರು ಕಾಯ್ತಾರೆ? ನೀನು ಸಲಿಕೆ ಇಟ್ಕೊಂಡಿರು.” ಜೀಪಿಗೆ ಹತ್ತುವಾಗ ಇನ್ಸ್‌ಪೆಕ್ಟರಿಗೆ ಇನ್ನೊಂದು ಯೋಚನೆ ಬಂದು, ಮುಖ ಬೆಳಗಿತು. “ಒಂದು ಲೆಕ್ಕದಲ್ಲಿ ಇದು ಒಳ್ಳೇದೇ ಆಯ್ತು ನೋಡಯ್ಯಾ. ಇನ್ನು ಈ ಊರಲ್ಲಿ ಎಲ್ಲೇ ಲದ್ದಿ ಬಿದ್ದಿದ್ರೂ ಯಾರದ್ದು ಅಂತ ತನಿಖೆ ಮಾಡ್ಬೇಕಾಗೇ ಇಲ್ಲ. ನೇರ ನಿಂಗೇ ಫೋನು.”

ಜನ ಚದುರಿದರು. ಫೋಟೋ ದೊರೆಯನ್ನು ಲಾಯಕ್ಕೆ ನಡೆಸಿಕೊಂಡು ಹೋದ. ಗುಮಾನಿ ಹಿತ್ತಿಲಿನ ಬಾಗಿಲು ಹಾಕಿ, ಚಿಲಕ ಸರಿಸಿ, ಬೂಟು ಬಿಚ್ಚಲೆಂದು ಅಲ್ಲೇ ಕಟ್ಟೆಯ ಮೇಲೆ ಕೂತ. ಒಬ್ಬ ಫೋಟೋ ಬರುತ್ತಿದ್ದಾನೆ ಎಂದುಕೊಂಡದ್ದಕ್ಕೇ ಬೆಳಗಿನಿಂದ ಜೀವ ಅರ್ಧವಾಗಿತ್ತು. ಒಂದು ಬೂಟು ಬಿಚ್ಚಿದ್ದ, ಅಷ್ಟರಲ್ಲಿ ಓಣಿಯಲ್ಲಿ ಲಾಳಗಳ ಸದ್ದು ಕೇಳಿಸಿತು. ಒಂದಲ್ಲ, ಎರಡಲ್ಲ, ಇಡೀ ದಳದ್ದು.

ಯಾವುದೋ ಕುದುರೆಯ ಮೂತಿ ಬಾಗಿಲಿಗೆ ತಾಗಿತು. ಗುಮಾನಿ ಒಂದು ಕಾಲಿನ ಬೂಟಿನಲ್ಲೇ ಕುಂಟುತ್ತ ಹೋಗಿ ತೆಗೆದ. ಸಾಲಾಗಿ ನಿಂತ ಕುದುರೆಗಳ ಮೇಲೆ ಸಾಲಾಗಿ ಸವಾರರು, ಮೀಸೆ ತೀಡಿ, ಟೋಪಿ ಸರಿಮಾಡಿಕೊಂಡು, ಹಲ್ಲು ಬಿಟ್ಟುಕೊಂಡು ಕೂತಿದ್ದರು.

“ಅಣ್ಣಾ, ನೀವಾ?” ಎಂದ ಎಲ್ಲರಿಗಿಂತ ಮುಂದಿದ್ದವನು, ಅವನ ಭುಜದ ಮೇಲಿಂದ ಹಿತ್ತಿಲಿನೊಳಗೆ ಕತ್ತು ಚಾಚುತ್ತ. “ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ. ಅತ್ತಿಗೆ ಇದಾರಾ?”